ಮಾವ ಬಿಡದ ಮುಂದಿನ ಸೀಟು

"ಕಂಪನಿಯವ್ರು ಪುಕ್ಕಟ ರಿಪೇರಿ ಮಾಡಿಕೊಡೂದು ಎಂದೂ ಆಗಂಗಿಲ್ಲ" ಎಂದವರು ನನ್ನ ಸೋದರಮಾವ. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ನನ್ನ ಕಾರಿನ ಕಂಪನಿ ಕಳಿಸಿದ ಇಂಗ್ಲಿಷ್ ಪತ್ರವನ್ನು ನಾನೇ ಓದಿ ಹೇಳಿದ್ದೆ: ಮುಂದಿನ ಎಡಗಡೆಯ ಸೀಟಿನ ಏರ್‌ಬ್ಯಾಗ್ ಸಿಡಿದರೆ ಲೋಹದ ಚೂರು ಎದೆಗೆ ನಾಟಬಹುದು, ಪುಕ್ಕಟೆ ಬದಲಿಸಿಕೊಡುತ್ತೇವೆ, ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂಡಿಸಬೇಡಿ.

"ಬೀಗರ ಮನಿಗೆ ಹಿರೇ ಮನಷ್ಯಾ ಹಿಂದ ಕುಂತು ಹೋಗ್ತಾನೇನೋ?" ಎಂದು ಮಾವ ಮುಂದೆಯೇ ಕೂತರು.

ಮೂರು ಸಲ ಸರ್ವಿಸ್ ಸೆಂಟರಿಗೆ ಅಲೆದೆ. ಮೂರೂ ಸಲ "ಸಾಮಾನು ಬಂದಿಲ್ರೀ" ಎಂದೇ ಉತ್ತರ. ಈ ನಡುವೆ ನಮ್ಮೂರು ಇಂಡಿಯಿಂದ ಸಿಂದಗಿ, ಮುದ್ದೇಬಿಹಾಳ ಎಂದು ಮಾವನನ್ನು ಪಕ್ಕದಲ್ಲಿಟ್ಟುಕೊಂಡೇ ಓಡಿಸಿದೆ. ಪ್ರತಿ ಗುಂಡಿಗೂ ನನ್ನ ಜೀವ ಹಾರುತ್ತಿತ್ತು. ಅವರು ಎಲೆ ಅಡಿಕೆ ಮೆಲ್ಲುತ್ತಿದ್ದರು.

ನಾಲ್ಕನೇ ಸಲ ಕೆಲಸವಾಯಿತು. ಬಿಚ್ಚಿದ ಹಳೆಯ ಏರ್‌ಬ್ಯಾಗನ್ನು ತೋರಿಸುತ್ತ ಮೆಕ್ಯಾನಿಕ್ ಪತ್ರದಲ್ಲಿದ್ದ ಅದೇ ಮಾತು ಹೇಳಿದಾಗ ಮಾವ ಬೆವತರು. ರಿಪೇರಿಯ ಸರ್ಟಿಫಿಕೇಟನ್ನು ಅವರ ಕೈಗೇ ಕೊಟ್ಟೆ.

"ಇಷ್ಟು ದಿನ ಬಾಂಬಿನ ಮುಂದ ಕುಂಡ್ರಿಸಿದ್ದೆಲ್ಲೋ! ಮೊದಲ ಹೇಳಬಾರದೇನು, ಸಾಲಿ ಕಲ್ತ ಮಂಗ್ಯಾ?"