ಅಟ್ಟದಿಂದ ಇಳಿಸಿದ ಗಾಡಿ

ಅತ್ತೆಯ ಮನೆಯಲ್ಲಿ ನನಗೆ ಜಗಳಗಂಟಿ ಎಂಬ ಹೆಸರು ಬಂದದ್ದು ಒಂದು ಮರದ ಗಾಡಿಯಿಂದ. ಬಂದರೆ ಬರಲಿ. ಅದಕ್ಕಾಗಿ ನಾನು ಆಗಲೂ ಬೇಜಾರು ಮಾಡಿಕೊಳ್ಳಲಿಲ್ಲ, ಈಗಲೂ ಇಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಪಿರಿಯಾಪಟ್ಟಣದಲ್ಲಿ ನಮ್ಮ ಮನೆ. ನನ್ನ ಮೊದಲ ಮಗಳಿಗೆ ಆಗ ತಾನೇ ವರ್ಷ ತುಂಬಿತ್ತು. ಕಂಬ, ಗೋಡೆ, ನನ್ನ ಸೀರೆಯ ನೆರಿಗೆ, ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುತ್ತಿದ್ದಳು. ಕೈ ಬಿಟ್ಟರೆ ದೊಪ್ಪನೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ, ಮತ್ತೆ ಕಂಬದ ಕಡೆಗೆ ಅಂಬೆಗಾಲಿಡುತ್ತಿದ್ದಳು. ಆ ಕಾಲುಗಳು ಏನು ಕೇಳುತ್ತಿವೆ ಎಂದು ತಿಳಿಯಲು ನನಗೆ ಯಾವ ಓದೂ ಬೇಕಿರಲಿಲ್ಲ.

ಅವಳಿಗೆ ಬಂದ ಆಟದ ಸಾಮಾನು ಎರಡೇ. ಒಂದು, ಮೈಸೂರಿನಿಂದ ನಾದಿನಿ ತಂದ ಕಣ್ಣು ಮುಚ್ಚಿ ತೆರೆಯುವ ಬೊಂಬೆ. ಹಾಳಾಗುತ್ತದೆಂದು ಅದನ್ನು ಪ್ಲಾಸ್ಟಿಕ್ ಕವರಿನ ಸಮೇತ ನಡುಮನೆಯ ಮೊಳೆಗೆ ನೇತುಹಾಕಿದರು. ಬಂದವರೆಲ್ಲ ಕತ್ತೆತ್ತಿ ನೋಡಿ ಮೆಚ್ಚಿದರು. ಯಾರಿಗಾಗಿ ತಂದರೋ ಅವಳು ಮಾತ್ರ ಕೆಳಗೆ ಕೂತು ಕೈ ಚಾಚಿ ಅತ್ತಳು. ಇನ್ನೊಂದು, ಅಡುಗೆ ಆಟದ ಮರದ ಸೆಟ್ಟು. ಬೆರಳುದ್ದದ ಸೌಟು, ಪುಟ್ಟ ಬೀಸುವ ಕಲ್ಲು, ಮುಚ್ಚಳವಿರುವ ಪಾತ್ರೆ. ಹೆಣ್ಣುಮಗು ಈಗಿನಿಂದಲೇ ಕಲಿಯಲಿ ಎಂದು ಅತ್ತೆಯೇ ತರಿಸಿದ್ದು.

ಮೂರನೆಯ ದಿನ ಅವಳು ಅಡಕೆ ಗಾತ್ರದ ಮುಚ್ಚಳವೊಂದನ್ನು ಬಾಯಿಗೆ ಹಾಕಿಕೊಂಡಳು. ಮುಖ ಕಪ್ಪಿಟ್ಟಿತು, ದನಿ ಹೊರಡಲಿಲ್ಲ. ಬೋರಲು ಮಾಡಿಕೊಂಡು ಬೆನ್ನಿಗೆ ಗುದ್ದಿದೆ. ಮುಚ್ಚಳ ಹೊರಬಿತ್ತು. ಅವಳು ಅತ್ತಳು, ನಾನೂ ಅತ್ತುಬಿಟ್ಟೆ. ಆಮೇಲೆ ಇಡೀ ಸೆಟ್ಟನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ ನೀರೊಲೆಗೆ ಹಾಕಿದೆ. ಅವತ್ತು ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಅವಳಿಗೆ ಬೇಕಾದದ್ದು ಆ ಮನೆಯ ಅಟ್ಟದ ಮೇಲೇ ಇತ್ತು. ಮಗು ಹಿಡಿಯನ್ನು ಹಿಡಿದು ನಿಂತು ತಳ್ಳಿಕೊಂಡು ಹೋಗುವ ಮೂರು ಚಕ್ರದ ಮರದ ಗಾಡಿ. ನನ್ನ ಗಂಡ, ಮೈದುನಂದಿರು, ಎಲ್ಲರೂ ನಡಿಗೆ ಕಲಿತದ್ದು ಅದರಲ್ಲೇ. ಕೊಡಿ ಎಂದು ಅತ್ತೆಯನ್ನು ಕೇಳಿದೆ.

"ಅದು ಗಂಡ್ ಮಕ್ಕಳ ಗಾಡಿ ಕಣವ್ವ. ಹೆಣ್ಣು ಕೂಸು ಒಂದು ತಾವು ಕೂತ್ಕಂಡು ಆಡ್ಲಿ ಬುಡು" ಎಂದರು.

ಹೆಣ್ಣುಮಕ್ಕಳು ಗಾಡಿ ಹಿಡಿದರೆ ಕಾಲು ಸೊಟ್ಟಗಾಗುತ್ತವೆ ಎಂಬುದು ಅವರ ವಾದ. ಹಾಗಾದರೆ ಗಂಡುಮಕ್ಕಳ ಕಾಲು ಯಾವ ಮರದ್ದು ಎಂದು ಕೇಳಿದೆ. ಗಂಡನನ್ನು ಕೇಳಿದರೆ, ಅಮ್ಮ ಬೇಡ ಎಂದ ಮೇಲೆ ಮುಗಿಯಿತಲ್ಲ ಎಂದು ಪೇಪರ್ ಮಡಿಸಿಟ್ಟು ಎದ್ದು ಹೋದರು. ನನಗೆ ಮುಗಿದಿರಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ಏಣಿ ಹಾಕಿ ಹತ್ತಿದೆ. ಕದ್ದು ಇಳಿಸಿದಳು ಎಂದು ಯಾರೂ ಅನ್ನಬಾರದಲ್ಲ.

ಗಾಡಿಯ ಒಂದು ಚಕ್ರ ಒಡೆದಿತ್ತು. ಮರುದಿನ ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಗಾಡಿ ಇಟ್ಟುಕೊಂಡು ಹುಣಸೂರಿನ ಬಸ್ಸು ಹತ್ತಿದೆ. ಅದು ನನ್ನ ತವರು. ಅಲ್ಲಿ ಎತ್ತಿನ ಗಾಡಿಗೆ ಚಕ್ರ ಮಾಡುವ ಸಾಬರೊಬ್ಬರು ನನ್ನನ್ನು ಲಂಗ ಉಡುವ ಕಾಲದಿಂದ ಬಲ್ಲವರು. ಬಸ್ಸಿನಲ್ಲಿ ಒಬ್ಬರು, ಮಗನಿಗಾ ಎಂದು ಕೇಳಿದರು. ಮಗಳಿಗೆ ಎಂದು ಹಿಂದಿನ ಸೀಟಿಗೂ ಕೇಳುವಂತೆ ಹೇಳಿದೆ.

ಸಾಬರು ಮೊದಲು ಗಾಡಿ ನೋಡಲಿಲ್ಲ, ಮಗುವನ್ನು ನೋಡಿದರು. ಮರದ ಹೊಟ್ಟಿನ ಮೇಲೆ ಅವಳನ್ನು ಕೂರಿಸಿ ಬೀಡಿ ಮುಗಿಯುವವರೆಗೆ ಅವಳ ಕಾಲನ್ನೇ ನೋಡುತ್ತಿದ್ದರು. ಅವಳು ಹಲಗೆ ಹಿಡಿದು ಎದ್ದು ನಿಂತಳು. ಸಾಬರು ಚಕ್ರ ಕೂರಿಸಿ ಗಾಡಿಯನ್ನು ಅವಳ ಕೈಗೆ ಕೊಟ್ಟರು. ತಳ್ಳಿದ್ದೇ ತಡ, ಗಾಡಿ ಮುಂದಕ್ಕೆ ಓಡಿತು, ಮಗು ಮೂಗಿನ ಮೇಲೆ ಬಿತ್ತು. ಅತ್ತೆ ಹೇಳಿದ್ದೇ ಸರಿಯಾಯಿತೇ ಎಂದು ಒಂದು ಗಳಿಗೆ ಅನ್ನಿಸಿತು.

"ಇದು ನಡೆಯೋ ಮಗೀಗೆ ಸರಿ ಕಣವ್ವ" ಎಂದರು ಸಾಬರು. "ನಿಲ್ಲಾಕೆ ಕಲಿಯೋ ಮಗೀಗೆ ಗಾಡಿ ಓಡಬಾರ್ದು. ಮುಂದೆ ಹಲಗೆ ಹೊಡ್ದು ಕೊಡ್ತೀನಿ, ಭಾರ ಇಕ್ಕು."

ಹಿಡಿಯನ್ನೂ ಅವಳ ಎದೆಮಟ್ಟಕ್ಕೆ ಇಳಿಸಿದರು, ಅಂಚುಗಳನ್ನು ಉಜ್ಜಿ ನುಣುಪು ಮಾಡಿದರು. ಕೆಂಪು ಬಣ್ಣ ಬಳಿಯಿರಿ ಎಂದೆ. ಈ ವಯಸ್ಸಿನವರು ಮೊದಲು ನೆಕ್ಕಿಯೇ ನೋಡುವುದು, ಬಣ್ಣ ನಿನಗೆ ಚೆಂದ, ಅವಳಿಗೆ ವಿಷ ಎಂದು ಗದರಿದರು. ಯಾರ ಮಾತನ್ನೂ ಕೇಳದ ನಾನು ಆ ಮಾತು ಕೇಳಿದೆ.

ಮನೆಗೆ ಬಂದು ಭಾರಕ್ಕೆ ಏನಿಡುವುದೆಂದು ಹುಡುಕಿದೆ. ಕಾರ ಅರೆಯುವ ಗುಂಡುಕಲ್ಲು ಕಣ್ಣಿಗೆ ಬಿತ್ತು. ತೊಳೆದು, ಹಲಗೆಯ ಮೇಲಿಟ್ಟು ಹಗ್ಗದಿಂದ ಬಿಗಿದೆ. ಅಡುಗೆ ಸಾಮಾನಿಗೆ ಬಂದ ಗತಿ ನೋಡಿ ಅತ್ತೆ ಬೆಂಕಿಯಾದರು. ಅರೆಯುವ ಹೊತ್ತಿಗೆ ಬಿಚ್ಚಿಕೊಡುತ್ತೇನೆ, ಮಿಕ್ಕ ಹೊತ್ತು ಇದು ಇವಳದು ಎಂದೆ. ಈಗ ಗಾಡಿ ಓಡಲಿಲ್ಲ. ಮಗಳು ಒಂದೊಂದೇ ಹೆಜ್ಜೆಯಿಟ್ಟು ಅಡುಗೆಮನೆಯಿಂದ ಹೊಸಿಲವರೆಗೆ ತಳ್ಳಿದಳು. ವಾರ ಕಳೆಯುವುದರೊಳಗೆ ಹಿಡಿ ಬಿಟ್ಟು ನಾಲ್ಕು ಹೆಜ್ಜೆ ನಡೆದಳು. ಅತ್ತೆ ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಮಗಳ ಕಾಲು ಇವತ್ತಿಗೂ ನೆಟ್ಟಗಿವೆ.

ಮೂರು ವರ್ಷದ ಮೇಲೆ ಮಗ ಹುಟ್ಟಿದ. ಅವನಿಗೆ ವರ್ಷ ತುಂಬಿದ್ದೇ ತಡ, ಅತ್ತೆಗೆ ಗಾಡಿಯ ನೆನಪಾಯಿತು. ಮಗಳು ಆಗಲೂ ಅದರಲ್ಲಿ ಆಡುತ್ತಿದ್ದಳು. ಎತ್ತಿಕೊಳ್ಳಲು ಬಗ್ಗಿದ ಅತ್ತೆಗೆ ನಾನು ಅಡ್ಡ ನಿಂತೆ.

"ಅದು ಅವಳ ಗಾಡಿ ಅತ್ತೆ. ಅವಳನ್ನೇ ಕೇಳಿ."

ನನ್ನ ಮುಖ ನೋಡಿದರು. ನಾನು ಕದಲಲಿಲ್ಲ. ಕೊನೆಗೆ ಮೊಮ್ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ತಮ್ಮನಿಗೆ ಕೊಡುತ್ತೀಯಾ ಎಂದು ಕೇಳಿದರು. ಆ ಮನೆಯಲ್ಲಿ ಒಂದು ಹೆಣ್ಣುಮಗುವಿನ ಅಪ್ಪಣೆ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಗಳು ಅಡುಗೆಮನೆಗೆ ಹೋದಳು. ಗುಂಡುಕಲ್ಲನ್ನು ಹೊಟ್ಟೆಗೆ ಅವಚಿಕೊಂಡು, ಹಿಂದಕ್ಕೆ ವಾಲಿಕೊಂಡು ಬಂದಳು. ನಾನು ಕೈ ಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದಳು. ಹಲಗೆಯ ಮೇಲೆ ಇಟ್ಟು ಉಸಿರು ಬಿಟ್ಟಳು.

"ಬರೀ ಗಾಡಿ ಕೊಟ್ರೆ ಬಿದ್ದೋಯ್ತಾನೆ ಕಣಜ್ಜಿ" ಎಂದಳು.

ಕಾರ ಅರೆಯುವ ಹೊತ್ತಾಗಿತ್ತು. ಅತ್ತೆ ಕಲ್ಲು ಕೇಳಲಿಲ್ಲ, ಹಗ್ಗ ಬಿಗಿದರು.