ಗಂಡನನ್ನು ನೂಕಿದ್ದು

ಶಹಾಪುರದ ನಮ್ಮ ಪಾತ್ರೆ ಅಂಗಡಿಯಲ್ಲಿ ಮೇಲಿನ ಹಲಗೆಯಿಂದ ಕೊಡ ಇಳಿಸುವಾಗ ನನ್ನ ಯಜಮಾನರು ಹಿಂದಕ್ಕೆ ಬಿದ್ದರು. ಕಾಲು ಜಾರಿರಲಿಲ್ಲ. ಎದ್ದು ನಕ್ಕರು. ಎರಡು ತಿಂಗಳಲ್ಲಿ ಮತ್ತೆ ಮೂರು ಸಲ ಹಾಗೇ ಬಿದ್ದಾಗ ಕಲಬುರಗಿಯ ನ್ಯೂರಾಲಜಿಸ್ಟ್ ಹತ್ತಿರ ಹೋದೆವು.

ಪಾರ್ಕಿನ್ಸನ್ಸ್.

ಗುಳಿಗೆಯಿಂದ ಕೈ ನಡುಗುವುದು ತಗ್ಗಬಹುದು, ಬೀಳುವುದಕ್ಕೆ ಫಿಜಿಯೋಥೆರಪಿ ಬೇಕೇ ಬೇಕು ಎಂದರು ಡಾಕ್ಟರ್. ಯಾದಗಿರಿಯಲ್ಲಿ ಫಿಜಿಯೋಥೆರಪಿ ಮಾಡಿಸುವ ಶಾಹೀನ್ ಮೇಡಂ ನಮ್ಮ ಮಗಳ ವಯಸ್ಸಿನವರು. ನಡೆಯುವುದು, ತಿರುಗುವುದು ಎಲ್ಲ ಕಲಿಸಿದರು. ಕೊನೆಗೆ ಯಜಮಾನರ ನಡುವಿಗೆ ಬೆಲ್ಟ್ ಕಟ್ಟಿ, ಬೆನ್ನ ಹಿಂದೆ ಮಂಚ ಬರುವಂತೆ ನಿಲ್ಲಿಸಿ ನನ್ನನ್ನು ಕರೆದರು.

“ಒಂದು ಕೈಲೆ ಬೆಲ್ಟ್ ಗಟ್ಟಿ ಹಿಡೀರಿ. ಇನ್ನೊಂದು ಕೈಲೆ ಎದಿಗೆ ನೂಕ್ರಿ. ಯಾವಾಗ ನೂಕ್ತೀರಿ ಅಂತ ಹೇಳಬ್ಯಾಡ್ರಿ. ಕಾಲು ಹಿಂದಿಟ್ಟು ನಿಲ್ಲೋದು ಕಲೀಬೇಕ್ರಿ ಅವ್ರು. ಮನ್ಯಾಗ ದಿನಾ ಮಾಡ್ರಿ.”

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ನಾನು ಬಾಯಿ ಮಾಡಿದ್ದುಂಟು, ಕೈ ಮಾಡಿದವಳಲ್ಲ. ಈಗ ನೋಡಿದರೆ ಬೀಳುವ ಮನುಷ್ಯನನ್ನೇ ನೂಕಬೇಕು, ಅದೂ ಅತ್ತೆಯ ಕಣ್ಣೆದುರಿಗೆ. ಮೊದಲ ದಿನವೇ ಅತ್ತೆ ಜೋಳದ ಮೊರ ಬದಿಗಿಟ್ಟು ಎದ್ದರು.

“ಏ, ನನ್ನ ಮಗನ್ನ ಕೆಡವಾಕತ್ತೀ ಏನ?”

ಅಂದಿನಿಂದ ಕಳ್ಳಾಟ ಶುರುಮಾಡಿದೆ. “ನೂಕ್ತೀನ್ರಿ” ಎಂದು ಮೊದಲೇ ಹೇಳಿ, ಅಂಗಿಯ ಧೂಳು ಕೊಡವಿದ ಹಾಗೆ ಎದೆ ಮುಟ್ಟುತ್ತಿದ್ದೆ. ಅವರು ಅಲುಗಾಡದೆ ನಿಲ್ಲುತ್ತಿದ್ದರು. ಮೇಡಂ ಕೊಟ್ಟ ಹಾಳೆಯಲ್ಲಿ ದಿನಾ ರೈಟ್ ಮಾರ್ಕ್ ಹಾಕಿದೆ. ಹಾಕುತ್ತ ಹಾಕುತ್ತ ನಾನೂ ನಂಬಿದೆ, ಅವರೂ ನಂಬಿದರು. ಆ ಧೈರ್ಯದ ಮೇಲೆ ಒಂದು ದಿನ ಒಬ್ಬರೇ ಬಜಾರಕ್ಕೆ ಹೋದರು.

ಯಾರದೋ ಚೀಲ ತಗುಲಿತು. ಮುಂಗೈ ಮುರಿಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ.

“ಬಜಾರದಾಗ ಮಂದಿ ನಿಮ್ಮಂಗ ಹೇಳಿ ನೂಕ್ತಾರೇನ್ರಿ ಅಕ್ಕಾರ?” ಎಂದಷ್ಟೇ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮರುಕವೇ ಯಜಮಾನರ ಕೈ ಮುರಿದಿತ್ತು.

ಮರುದಿನ ಬೆಳಿಗ್ಗೆ ಬೆಲ್ಟ್ ಕಟ್ಟಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಯಜಮಾನರು ಚಹಾದ ಮಾತು ತೆಗೆದರು.

ನೂಕಿದೆ.

ಅವರ ಕಾಲ್ಬೆರಳು ನೆಲ ಬಿಟ್ಟವು. ಬೆಲ್ಟ್ ನನ್ನ ಅಂಗೈ ಕೊಯ್ಯಿತು. ಒಂದು ಹೆಜ್ಜೆ ಹಿಂದೆ. ಇನ್ನೊಂದು. ಮಂಚಕ್ಕೆ ಕಾಲು ತಾಗುವ ಮುಂಚೆ ನಿಂತರು.

“ಇನ್ನೊಮ್ಮೆ ನೂಕು,” ಎಂದರು.

ಈ ರೋಗ ಹೋಗುವಂಥದ್ದಲ್ಲ, ಗೊತ್ತಿದೆ. ಕೆಲವು ದಿನ ನಿಲ್ಲುತ್ತಾರೆ, ಕೆಲವು ದಿನ ಮಂಚದ ಮೇಲೆ ಕುಕ್ಕರಿಸುತ್ತಾರೆ. ನಿಂತ ದಿನ ದೇವರಿಗೆ ಕೈ ಮುಗಿಯುತ್ತೇನೆ. ಮೊನ್ನೆ ಜ್ವರ ಬಂದು ನನ್ನ ಕೈಯಲ್ಲಿ ಬಲವಿರಲಿಲ್ಲ. ಒಂದು ದಿನ ಬಿಟ್ಟರೇನು ಎಂದು ಕುಳಿತಿದ್ದೆ. ಅತ್ತೆ ಸೆರಗು ಸಿಗಿಸಿಕೊಂಡು ಮಗನ ಎದುರು ಬಂದು ನಿಂತರು.

“ನೀ ಬೆಲ್ಟ್ ಅಷ್ಟ ಹಿಡಿ. ಇವತ್ತ ನಾ ನೂಕ್ತೀನಿ.”