ಸಜ್ಜೆಯ ಪಾಳಿ ಮೊದಲು

ಐನಾಪುರದಿಂದ ಹೊರಬೀಳುವ ರಸ್ತೆಯ ಕೊನೆಯ ಅಂಗಡಿ ಅಕ್ಕುತಾಯಿಯವರ ಹಿಟ್ಟಿನ ಗಿರಣಿ. ಬೆಳಗಿನ ಜಾವ ಆ ಸಾಲಿನಲ್ಲಿ ತೆರೆದಿರುವ ಬಾಗಿಲು ಅದೊಂದೇ. ತಲೆಗೆ ಹಳೆಯ ಟವೆಲ್ ಸುತ್ತಿಕೊಂಡು, ಮೂಗಿನ ಮೇಲೆ ಸೆರಗು ಎಳೆದುಕೊಂಡು ಅಕ್ಕುತಾಯಿ ಮೋಟಾರಿನ ಗುಂಡಿ ಒತ್ತುತ್ತಾರೆ. ಪಟ್ಟಾ ತಿರುಗುತ್ತದೆ, ತಗಡಿನ ಗೋಡೆ ನಡುಗುತ್ತದೆ. ಹೊರಗೆ ಡಿಸೆಂಬರ್ ಚಳಿಯಲ್ಲಿ ಹತ್ತು ಹನ್ನೆರಡು ಹೆಂಗಸರು ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಬ್ಬೊಬ್ಬರ ಮುಂದೆಯೂ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಸಣ್ಣ ಗಂಟು. ಗಂಟಿನಲ್ಲಿ ಸಜ್ಜೆ.

ಇವರು ಕಬ್ಬು ಕಡಿಯುವ ಟೋಳಿಯವರು. ದೀಪಾವಳಿ ಹೊತ್ತಿಗೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಬಂದು ಗದ್ದೆಯ ಬದಿಯಲ್ಲಿ ಕಬ್ಬಿನ ಸೋಗೆಯ ಗುಡಿಸಲು ಹಾಕಿಕೊಳ್ಳುತ್ತಾರೆ. ಸಕ್ಕರೆ ಫ್ಯಾಕ್ಟರಿ ಹಂಗಾಮು ಮುಗಿಸಿ ನಿಂತ ಮೇಲೆ ಹೋಗುತ್ತಾರೆ. ಈಗ ಹಿಟ್ಟು ಬೀಸಿಸಿಕೊಂಡು, ಗುಡಿಸಲಿಗೆ ಹೋಗಿ ರೊಟ್ಟಿ ಬಡಿದು, ಬೆಳಕು ಹರಿಯುವಷ್ಟರಲ್ಲಿ ಟ್ರ್ಯಾಕ್ಟರ್ ಹತ್ತಿ ಕಡಿಯುವ ಗದ್ದೆಯಲ್ಲಿರಬೇಕು.

"ಮಾವಶಿ, ಲವಕರ ಕರಾ! ಟ್ರ್ಯಾಕ್ಟರ್ ಆಲಾ" ಎಂದು ಸಾಲಿನಿಂದ ಸಾರಿಕಾ ಎಂಬ ತರುಣಿ ಮರಾಠಿಯಲ್ಲಿ ಬೇಗ ಬೇಗ ಎಂದು ಅವಸರ ಮಾಡುತ್ತಾರೆ.

"ಟ್ರ್ಯಾಕ್ಟರ್ ಬಂದ್ರ ನಿಲ್ಲಾಕ ಹೇಳಬೇ. ನಿನ್ನ ಗಡಿಬಿಡಿ ನನ್ನ ಕಲ್ಲು ಕೇಳೂದಿಲ್ಲ" ಅಂತ ಅಕ್ಕುತಾಯಿ ಒಳಗಿನಿಂದಲೇ ಕೂಗುತ್ತಾರೆ.

ಇವರು ಕನ್ನಡದಲ್ಲಿ ಬೈಯುತ್ತಾರೆ, ಅವರು ಮರಾಠಿಯಲ್ಲಿ ನಗುತ್ತಾರೆ. ಸಾರಿಕಾ ಈ ಕಡೆ ಬರುತ್ತಿರುವುದು ಆರನೆಯ ಚಳಿಗಾಲ. ಕೊಡದಲ್ಲಿ ನೀರು ತುಂಬಿದಷ್ಟು ಸಹಜವಾಗಿ ಕನ್ನಡ ತುಂಬಿಕೊಂಡಿದ್ದಾರೆ, ಆಡಲು ಮಾತ್ರ ನಾಚಿಕೆ.

ಈ ಬೆಳಗಿನ ಪಾಳಿ ಉಳಿಯುತ್ತದೋ ಇಲ್ಲವೋ ಎಂಬುದು ಈ ಹಂಗಾಮಿನಲ್ಲಿ ಅಕ್ಕುತಾಯಿಯವರ ತಲೆಬಿಸಿ. ಗಿರಣಿಗಿರುವುದು ಒಂದೇ ಜೋಡಿ ಕಲ್ಲು. ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಉಳಿದೇ ಉಳಿಯುತ್ತದೆ. ಸಜ್ಜೆಯ ಬೆನ್ನಿಗೇ ಗೋದಿ ಹಾಕಿದರೆ ಚಪಾತಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಗೆ ತುಸು ಕಹಿ. ಅದಕ್ಕೇ ಊರಿನ ಗಿರಣಿಗಳ ರೂಢಿ ಎಂದರೆ ಮೊದಲು ಗೋದಿ, ಆಮೇಲೆ ಜೋಳ, ಕಟ್ಟಕಡೆಗೆ ಸಜ್ಜೆ. ಆದರೆ ಗಿರಣಿ ಓಡುವಷ್ಟು ಕರೆಂಟ್ ಇಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮಾತ್ರ. ಟೋಳಿಯವರನ್ನು ಕಡೆಗೆ ಹಾಕಿದರೆ ಅವರು ಗದ್ದೆಯಲ್ಲಿರುತ್ತಾರೆ. ತಿರುಗಿ ಬರುವಾಗ ಕರೆಂಟ್ ಇರುವುದಿಲ್ಲ. ಒಮ್ಮೆಗೇ ಬೀಸಿ ಇಡೋಣವೆಂದರೆ ಸಜ್ಜೆ ಹಿಟ್ಟು ನಾಲ್ಕು ದಿನಕ್ಕೆ ಮುಗ್ಗಲು ಹಿಡಿಯುತ್ತದೆ, ಉಳಿದದ್ದು ಗುಡಿಸಲಿನ ಇಲಿಯ ಪಾಲು.

"ಹಿಟ್ಟು ಇಲ್ಲದ ದಿನ ಹುಡುಗ್ರ ಕೈಯಾಗ ಬಿಸ್ಕೀಟ್ ಪುಡಿಕೆ ಕೊಟ್ಟು ಹೋಗ್ತಾರ್ರಿ" ಅನ್ನುತ್ತಾರೆ ಅಕ್ಕುತಾಯಿ. "ಬಿಸ್ಕೀಟ್ ತಿಂದ ಹುಡುಗ ಮಧ್ಯಾಹ್ನಕ್ಕ ಕಬ್ಬಿನ ಸಾಲಿನಾಗ ಮಲಗತೈತಿ. ಹೊಟ್ಟಿ ತುಂಬಿದ ಹುಡುಗ ಆಡತೈತಿ."

ಹನ್ನೆರಡು ವರ್ಷದ ಹಿಂದೆ ಈ ಗಿರಣಿ ಶುರುವಾದ ಕಥೆಯೂ ಕಡೆಗೆ ನಿಂತವರದ್ದೇ. ಅಕ್ಕುತಾಯಿಯವರ ಗಂಡ ನಾಮದೇವ ಊರೊಳಗಿನ ದೊಡ್ಡ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದರು. ಚೀಲ ಹೊರಬಹುದಿತ್ತು, ಹಿಟ್ಟಿನ ಡಬ್ಬಿಗೆ ಕೈ ಹಾಕುವಂತಿರಲಿಲ್ಲ. ಆ ಗಿರಣಿಗೆ ಹೊಸ ಯಂತ್ರ ಬಂದಾಗ ಹಳೆಯದನ್ನು ಗುಜರಿಗೆ ಹಾಕುವ ಮೊದಲೇ ನಾಮದೇವ ಕೇಳಿ ತಂದರು. ಅಂಗಡಿಯನ್ನು ಬಾಡಿಗೆಗೆ ಕೊಟ್ಟವರು ಭಾವುಸಾಹೇಬರು. ನಾಲ್ಕೈದು ಎಕರೆ ಕಬ್ಬು, ಒಂದಷ್ಟು ಅಂಗಡಿ ಇರುವ ಮನುಷ್ಯ. ಊರ ಹೊರಗಿನ ಅಂಗಡಿ ಖಾಲಿ ಬಿದ್ದಿತ್ತು, ಕೊಟ್ಟರು.

ಬಾಗಿಲಿಗೆ ಹೂವಿನ ಹಾರ ಹಾಕಿ, ಬುದ್ಧನ ಫೋಟೋಕ್ಕೆ ಊದುಬತ್ತಿ ಹಚ್ಚಿ ಗಂಡ ಹೆಂಡತಿ ಕಾದರು. ತಮ್ಮ ಓಣಿಯವರು ಬಂದರು. ಮೇಲಿನ ಓಣಿಯಿಂದ ಒಂದು ಡಬ್ಬಿಯೂ ಬರಲಿಲ್ಲ. ನಮ್ಮ ಮನಿ ಹಿಟ್ಟು ಅವರ ಕೈಯಾಗ ಹೆಂಗ ಬೀಸಸೂದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇನ್ನೇನು ಯಂತ್ರ ಮಾರಬೇಕು ಅನ್ನುವಾಗ ದೀಪಾವಳಿ ಮುಗಿಯಿತು, ಟೋಳಿ ಬಂತು.

"ಅವರು ನಮ್ಮ ಜಾತಿ ಕೇಳಲಿಲ್ರಿ. ಕರೆಂಟ್ ಐತೇನು ಅಂತ ಕೇಳಿದ್ರು" ಎಂದು ಅಕ್ಕುತಾಯಿ ನಗುತ್ತಾರೆ. "ಈ ಗಿರಣಿ ನಿಂದ್ರಿಸಿದವರು ಊರವರಲ್ಲ, ಅವರು."

ಮರುವರ್ಷ, 2005ರ ಮಹಾಪೂರದಲ್ಲಿ ಊರೊಳಗಿನ ಗಿರಣಿಗೆ ನೀರು ನುಗ್ಗಿತು. ಎತ್ತರದಲ್ಲಿದ್ದ ಇವರ ಗಿರಣಿ ಉಳಿಯಿತು. ಹಸಿವು ಓಣಿ ನೋಡುವುದಿಲ್ಲ. ಮೊದಲು ಮಕ್ಕಳ ಕೈಲಿ ಡಬ್ಬಿ ಕಳಿಸಿದರು, ಆಮೇಲೆ ತಾವೇ ಬಂದರು. ನಾಮದೇವ ಹತ್ತು ದಿನಕ್ಕೊಮ್ಮೆ ಕಲ್ಲು ಬಿಚ್ಚಿ, ಉಳಿ ಹಿಡಿದು ಹರಿತ ಮಾಡುತ್ತಾರೆ, ಹಿಟ್ಟು ನುಣ್ಣಗೆ ಬೀಳುತ್ತದೆ. ನೀರು ಇಳಿದ ಮೇಲೂ ಗಿರಾಕಿ ಇಳಿಯಲಿಲ್ಲ. ಈಗ ಮಧ್ಯಾಹ್ನದೊಳಗೆ ನಾಲ್ಕೈದು ಕ್ವಿಂಟಲ್ ಕಾಳು ಹಿಟ್ಟಾಗುತ್ತದೆ.

ಕಾಯುವವರಿಗೆ ಕೂರಲು ಒಂದು ಹಲಗೆ ಇದೆ. ಅದರ ಮೇಲೆ ಕೂತವರನ್ನೆಲ್ಲ ಅಕ್ಕುತಾಯಿ ಹನ್ನೆರಡು ವರ್ಷದಿಂದ ನೋಡುತ್ತಿದ್ದಾರೆ. ಯಾರ ಮನೆ ಏರಿತು, ಯಾರದು ಇದ್ದಲ್ಲೇ ಉಳಿಯಿತು ಎಂಬುದು ಅವರಿಗೆ ಡಬ್ಬಿಯ ಮುಚ್ಚಳ ತೆಗೆದರೆ ಗೊತ್ತು. ರಾಜಸ್ಥಾನದಿಂದ ಬಂದು ಹಾರ್ಡ್‌ವೇರ್ ಅಂಗಡಿ ಇಟ್ಟ ಮನೆಯವರು ಮೊದಲು ತರುತ್ತಿದ್ದದ್ದು ಸಜ್ಜೆ. ಅದು ಅವರ ನಾಡಿನ ಊಟ. ಎರಡು ಮೂರು ವರ್ಷಕ್ಕೆ ಗೋದಿಗೆ ಬಂದರು, ಮೂರಂತಸ್ತಿನ ಮನೆ ಕಟ್ಟಿದರು. ಈಗ ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ. ಡಾಕ್ಟರ್ ಹೇಳಿದರೆಂದು ಮತ್ತೆ ಸಜ್ಜೆ ಬಂದಿದೆ, ಈ ಸಲ ಸ್ಟೀಲ್ ಡಬ್ಬಿಯಲ್ಲಿ. "ಸಿರಿವಂತರು ಸಜ್ಜಿ ತರಾಕತ್ತಾರ, ಬಡವರು ರೇಷನ್ ಗೋದಿ ತರಾಕತ್ತಾರ. ಕಾಳು ನೋಡಿ ಮನಿ ಅಳೆಯೂ ಕಾಲ ಹೋತ್ರಿ."

ಹಾಗಾದರೆ ಹೊರಗಿನಿಂದ ಬಂದವರಲ್ಲಿ ಕೆಲವರು ಮೇಲೆ ಬಂದು, ಕೆಲವರು ಅಲ್ಲೇ ಉಳಿದದ್ದು ಏಕೆ? ದುಡಿಮೆ ಎಂದು ಹೇಳುವುದು ಸುಲಭ. ಅಕ್ಕುತಾಯಿ ಒಪ್ಪುವುದಿಲ್ಲ.

"ದುಡಿಮ್ಯಾಗ ಸಾರಿಕಾನ ಮೀರಿಸೋರು ಯಾರ ಅದಾರ ತೋರಿಸ್ರಿ. ಹಾರ್ಡ್‌ವೇರಿನವರು ಬಂದ ದಿನಾನ ಕುಂದ್ರಾಕ ಅವರ ಸೋದರಮಾವನ ಅಂಗಡಿ ಇತ್ತು. ಟೋಳಿಯವರಿಗಿ ಬರೂಕ್ಕಿಂತ ಮೊದ್ಲ ಗುತ್ತೇದಾರನ ಕಡಿಂದ ತಗೊಂಡ ಮುಂಗಡ ಇತ್ತು. ಅವರು ತಮಗ ದುಡದ್ರು, ಇವರು ಮುಂಗಡಕ್ಕ ದುಡದ್ರು. ಅಷ್ಟ ಫರಕ್."

ತೆಲುಗು ಸೀಮೆಯಿಂದ ಬಾವಿ ತೋಡಲು ಬಂದ ವಡ್ಡರ ಮನೆಗಳನ್ನೂ ಅವರು ಉದಾಹರಿಸುತ್ತಾರೆ. ಅಜ್ಜಂದಿರು ಬಂದರು, ಊರ ಹೊರಗೆ ಕಲ್ಲಿನ ಮನೆ ಕಟ್ಟಿಕೊಂಡರು, ಯಾರೂ ಎಬ್ಬಿಸಲಿಲ್ಲ. ಇವತ್ತು ಮೊಮ್ಮಕ್ಕಳ ಬಳಿ ಮಣ್ಣು ಅಗೆಯುವ ಯಂತ್ರಗಳಿವೆ. ಕುರಿಯ ಹಿಂದೆ ಅಲೆಯುತ್ತಿದ್ದ ಧನಗರರು ತುಂಡು ಹೊಲ ಹಿಡಿದು ನಿಂತರು, ಈಗ ಜೋಳ ಬೆಳೆದು ಎಮ್ಮೆ ಕಟ್ಟಿದ್ದಾರೆ. ಅಕ್ಕುತಾಯಿಯವರ ಓಣಿಯಲ್ಲಿ ಶಾಲೆ ಕಲಿತವರು ನೌಕರಿ ಹಿಡಿದಿದ್ದಾರೆ. ಅವರ ಮಗಳು ಉಜ್ವಲಾ ರಾಯಬಾಗದಲ್ಲಿ ನರ್ಸ್. ಹನ್ನೆರಡು ತಿಂಗಳೂ ಒಂದು ಕಡೆ ನಿಂತವರಿಗೆ ರೇಷನ್ ಕಾರ್ಡ್ ಬಂತು, ಶಾಲೆ ಬಂತು, ಕಷ್ಟಕ್ಕೆ ಕೈಗಡ ಕೊಡುವ ನೆರೆಯವರು ಬಂದರು. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇರುವವರಿಗೆ ಎರಡೂ ಕಡೆಯವರು "ನೀವು ಇಲ್ಲಿಯವರಲ್ಲ" ಅನ್ನುತ್ತಾರೆ.

ಆದರೆ ಸಾರಿಕಾ ಈ ವರ್ಷ ಮುಂಗಡ ತೆಗೆದುಕೊಂಡಿಲ್ಲ. ಸಮಾಧಾನ ಎಂಬ ಹೆಸರಿನ ಗಂಡನೊಂದಿಗೆ ದಿನಗೂಲಿಯ ಮೇಲೆ ಕಡಿಯುತ್ತಿದ್ದಾರೆ, ಮಗಳ ಹೆಸರನ್ನು ಐನಾಪುರದ ಶಾಲೆಗೆ ಹಚ್ಚಿದ್ದಾರೆ. ಟೋಳಿ ತಿರುಗಿ ಹೋದಾಗ ತಾವು ಉಳಿಯಬೇಕೆಂದಿದ್ದಾರೆ. ರೊಟ್ಟಿ ಕಟ್ಟಿಕೊಟ್ಟರೆ ಮಗಳು ಶಾಲೆಗೆ ಹೋಗುತ್ತಾಳೆ, ಇಲ್ಲದ ದಿನ ತಾಯಿಯ ಬೆನ್ನು ಹತ್ತಿ ಗದ್ದೆಗೆ. ಹಾಗಾಗಿ ಬೆಳಗಿನ ಪಾಳಿ ಎಂದರೆ ಅವರಿಗೆ ಬರೀ ಹಿಟ್ಟಲ್ಲ.

ನಾವು ಮಾತಾಡುತ್ತಿರುವಾಗಲೇ ಬೆಳಕು ಹರಿಯುತ್ತದೆ. ಊರಿನ ಹೆಂಗಸರು ಡಬ್ಬಿ ಹಿಡಿದು ಬಂದು ಹಲಗೆಯ ಮೇಲೆ ಕೂರುತ್ತಾರೆ. ಟೋಳಿಯ ಮೂರು ಗಂಟು ಇನ್ನೂ ಬಾಕಿ. ಅಷ್ಟರಲ್ಲಿ ಭಾವುಸಾಹೇಬರ ಮೋಟರ್‌ಸೈಕಲ್ ಬಂದು ನಿಲ್ಲುತ್ತದೆ. ವಾರದ ಹಿಂದೆ ಅವರು ಒಂದು ಮಾತು ಹೇಳಿ ಹೋಗಿದ್ದರು: ಸಜ್ಜೆ ಕಡೆಗೆ ಹಾಕು, ಇಲ್ಲವೇ ಅಂಗಡಿ ಬಿಡು. ಇವತ್ತು ಉತ್ತರ ಕೇಳಲು ಬಂದಿದ್ದಾರೆ.

"ಅಕ್ಕುತಾಯಿ, ನನಗ ಇವರ ಮ್ಯಾಲ ಸಿಟ್ಟಿಲ್ಲ. ನನ್ನ ಕಬ್ಬು ಕಡಿಯೋರೂ ಇವರ. ಆದ್ರ ಮನ್ಯಾಗ ದಿನಾ ಚಪಾತಿ ಜಗಳ ನಡದೈತಿ. ಸೊಸಿ ಕರಿ ಚಪಾತಿ ತಂದು ನನ್ನ ತಾಟಿಗಿ ಹಾಕ್ತಾಳ, ನೋಡ್ರಿ ನಿಮ್ಮ ಗಿರಣಿ ಅಂತಾಳ. ಏನ್ ಮಾಡ್ತಿ ಹೇಳು."

ಇಷ್ಟು ದಿನ ಅಕ್ಕುತಾಯಿ ಒಂದು ಉಪಾಯ ಮಾಡುತ್ತಿದ್ದರು. ಸಜ್ಜೆ ಮುಗಿದ ಮೇಲೆ ತಮ್ಮ ಮನೆಯ ಜೋಳ ಎರಡು ಸೇರು ಹಾಕಿ ಕಲ್ಲು ತೊಳೆದಂತೆ ಮಾಡಿ, ಆ ಕಲಬೆರಕೆ ಹಿಟ್ಟನ್ನು ತಾವೇ ಒಯ್ಯುತ್ತಿದ್ದರು. ಎರಡು ಸೇರು ಸಾಲುತ್ತಿರಲಿಲ್ಲ. ಕಲ್ಲು ಪೂರಾ ಸಾಫಾಗಲು ಮೂರು ನಾಲ್ಕು ಮನೆಯ ಜೋಳವಾದರೂ ಓಡಬೇಕು. ಅದು ಊರವರ ಜೋಳ. ಕೇಳಬೇಕಿತ್ತು. ಹನ್ನೆರಡು ವರ್ಷದಲ್ಲಿ ಅಕ್ಕುತಾಯಿ ಈ ಊರನ್ನು ಏನೂ ಕೇಳಿಲ್ಲ.

ಅವರು ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾರೆ. ಆಮೇಲೆ ಮೂಗಿನ ಮೇಲಿನ ಸೆರಗು ಇಳಿಸಿ, ಹಲಗೆಯ ಕಡೆ ತಿರುಗಿ ಕೇಳುತ್ತಾರೆ: "ಯಾರರ ಜ್ವಾಳ ಇವರ ಸಜ್ಜಿ ಹಿಂದ ಹಾಕಸ್ತೀರೇನ್ರಿ? ಹಿಟ್ಟಿನ ಬಣ್ಣ ಸ್ವಲ್ಪ ಕಡಿಮಿ ಆಕ್ಕೈತಿ. ಖರೇ ಹೇಳ್ತೀನಿ."

ಒಬ್ಬಾಕೆ ಡಬ್ಬಿಯನ್ನು ಕಾಲಿನ ಹತ್ತಿರ ಎಳೆದುಕೊಳ್ಳುತ್ತಾರೆ. ಗಿರಣಿ ಬರಿದೇ ತಿರುಗುತ್ತದೆ.

ಕೊನೆಗೆ ಏಳುವುದು ತಾರವ್ವ. ಧನಗರರ ಮನೆಯ ಹಿರಿಯ ಜೀವ. ತರುಣಿಯಾಗಿದ್ದಾಗ ಗಂಡನೊಂದಿಗೆ ಕುರಿ ಹೊಡೆದುಕೊಂಡು ಹೊಳೆಯ ದಂಡೆಗುಂಟ ತಿರುಗಿದವರು.

"ನನ್ನ ಜ್ವಾಳ ಹಾಕ ಅಕ್ಕು. ನಾನೂ ಪರ ಊರ ಗಿರಣ್ಯಾಗ ಕಡೀಕ ನಿಂತಾಕಿ. ಕಡೀಕ ನಿಂತವರ ಪಾಳಿ ಬಂದಾಗ ಕರೆಂಟ್ ಹೋತು ಅಂತಿದ್ರು. ಕರೆಂಟ್ ಹೋಗಿರತಿರಲಿಲ್ಲ." ಡಬ್ಬಿಯನ್ನು ಎತ್ತಿ ಗಿರಣಿಯ ಬಾಯಿಗೆ ತಾವೇ ತರುತ್ತಾರೆ. ಹೋಗುವ ದಾರಿಯಲ್ಲಿ ಭಾವುಸಾಹೇಬರ ಕಡೆ ನೋಡಿ, "ಅಣ್ಣಾರ, ಚಪಾತಿ ಕರ್ರಗಾಗೂದು ಬರೇ ಗಿರಣಿ ತಪ್ಪಲ್ರಿ. ಹಂಚಿನ ಮುಂದ ಫೋನ್ ಹಿಡದು ಕುಂತ್ರ ಬಿಳಿ ಹಿಟ್ಟೂ ಕರ್ರಗಾಕ್ಕೈತಿ!"

ಹಲಗೆಯೆಲ್ಲ ನಗುತ್ತದೆ. ಭಾವುಸಾಹೇಬರೂ ಮೀಸೆ ಸವರಿಕೊಂಡು ನಗು ಮರೆಸಿಕೊಳ್ಳುತ್ತಾರೆ. ಟೋಳಿಯ ಉಳಿದ ಮೂರು ಗಂಟು ಮುಗಿದ ಕೂಡಲೇ ತಾರವ್ವನ ಜೋಳ ಬೀಳುತ್ತದೆ. ಅವರ ಹಿಂದೆ ಇನ್ನೊಬ್ಬರು, "ಹೆಂಗೂ ಎಮ್ಮಿ ಹಿಂಡಬೇಕು, ಜಲ್ದಿ ಆದ್ರ ಚಲೋನ ಆತು" ಎನ್ನುತ್ತ ಡಬ್ಬಿ ಸರಿಸುತ್ತಾರೆ. ನಾಲ್ಕನೆಯ ಜೋಳದ ಡಬ್ಬಿ ಮುಗಿದಾಗ ಅಕ್ಕುತಾಯಿ ಬೀಳುವ ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಭಾವುಸಾಹೇಬರಿಗೆ ತೋರಿಸುತ್ತಾರೆ.

"ಹೂಂ. ನಾಳಿಂದ ನಮ್ಮ ಗೋದಿ ಎಂಟಕ್ಕ ಕಳಸ್ತೀನಿ" ಎಂದು ಗಾಡಿಗೆ ಒದೆ ಹಾಕುತ್ತಾರೆ. ಅಂಗಡಿಯ ಮಾತು ಎತ್ತುವುದಿಲ್ಲ.

ಅವರು ಹೋದ ಮೇಲೆ ಅಕ್ಕುತಾಯಿ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಾರೆ. "ಊರ ಮುಂದ ಕೈ ಒಡ್ಡಬ್ಯಾಡ ಅಂತ ನಮ್ಮ ಅತ್ತಿ ಹೇಳಿಕೊಟ್ಟಿದ್ಲು. ಅಕಿ ಕಾಲಕ್ಕ ಅದು ಸರಿ ಇತ್ತು. ಕೈ ಒಡ್ಡೂದು ಬ್ಯಾರೆ, ಕೇಳೂದು ಬ್ಯಾರೆ ಅಂತ ನನಗ ಇವತ್ತ ತಿಳೀತು ನೋಡ್ರಿ."

ಹದಿನೈದು ದಿನ ಬಿಟ್ಟು ನಾವು ಮತ್ತೆ ಹೋದಾಗಲೂ ಅದೇ ಕ್ರಮ ನಡೆದಿದೆ: ಸಜ್ಜೆ, ಜೋಳ, ಗೋದಿ. ಬೇಗ ಕೆಲಸ ಮುಗಿಯುತ್ತದೆಂದು ಜೋಳದವರು ಈಗ ತಾವಾಗಿಯೇ ಹೊತ್ತಿಗೆ ಮೊದಲೇ ಬರುತ್ತಾರೆ. ಸಾರಿಕಾ ಅವರ ಮಗಳು ಆ ಹದಿನೈದು ದಿನದಲ್ಲಿ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಗೋದಿಗೆ ಬೇರೆ ಕಲ್ಲು ಹಾಕಿಸುವ ಆಸೆ ಇದೆಯೇ ಎಂದರೆ ಅಕ್ಕುತಾಯಿ, "ಆದ್ರ ಆಗಲಿ" ಅನ್ನುತ್ತಾರೆ. ಅವರ ಆಸೆ ಬೇರೆಯೇ.

"ಟೋಳಿಯವರು ಒಂದ ದಿನಾನೂ ಪಾಳಿಗಿ ಜಗಳಾಡಿಲ್ರಿ. ಹಿಂದ ಸರಿ ಅಂದ್ರ ಸರೀತಾರ. ಅದ ನನಗ ಸೇರೂದಿಲ್ಲ. ಈ ಸಾರಿಕಾ ಊರಾಗ ಒಂದು ಮನಿ ಹಿಡಿಬೇಕು. ನಿದ್ದಿ ಮುಗಿಸಿ, ಜಳಕಾ ಮಾಡಿ, ಒಂಬತ್ತಕ್ಕ ತನ್ನ ಡಬ್ಬಿ ತಗೊಂಡು ಬರಬೇಕು. ತಾರವ್ವನ ಜೋಡಿ ನಿಂತು, ನನ್ನ ಪಾಳಿ ಮೊದ್ಲ ಅಂತ ಓಣಿಗೆಲ್ಲಾ ಕೇಳೂಹಂಗ ಜಗಳಾಡಬೇಕು. ನಾನು ಇಬ್ಬರಿಗೂ ಬೈಬೇಕು."